ಹೊಸ ಮನೆಯ ಕೆಂಡ

ನನಗೆ ಬೆಂಕಿ ಕಂಡರೆ ಭಯ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಅತ್ತೆ ಇದನ್ನು ಊರಿಗೆಲ್ಲ ಸಾರಿ ಆಗಿದೆ. ನಾನು ಹುಟ್ಟಿ ಬೆಳೆದದ್ದು ಸಸ್ಯಾಹಾರಿಗಳ ಮನೆಯಲ್ಲಿ. ಶರತ್ಕಾಲದ ಹುಣ್ಣಿಮೆಯ ದಿನ ತೈಚುಂಗ್‌ ನಗರದ ಜನವೆಲ್ಲ ಬೀದಿಯಲ್ಲಿ, ತಾರಸಿಯಲ್ಲಿ, ಅಂಗಡಿ ಮುಂದಿನ ಕಟ್ಟೆಯಲ್ಲಿ ಇದ್ದಿಲು ಹೊತ್ತಿಸಿ ಮಾಂಸ ಸುಡುತ್ತ ಕೂತರೆ, ನಾವು ಮಾತ್ರ ಕಿಟಕಿ ಮುಚ್ಚಿಕೊಂಡು ಚಕ್ಕೋತ ಸುಲಿಯುತ್ತಿದ್ದೆವು. ಲಿಯಾವ್ ಮನೆತನಕ್ಕೆ ಸೊಸೆಯಾಗಿ ಬಂದ ಮೇಲೆ ಮಾಂಸ ತಿನ್ನುವುದನ್ನು ಹೇಗೋ ಕಲಿತೆ. ಸುಡುವುದನ್ನು ಕಲಿಯಲಿಲ್ಲ. ಮದುವೆಯಾದ ವರ್ಷ ಹುಷಾರಿಲ್ಲ ಅಂದೆ, ಮರುವರ್ಷ ಆಫೀಸಿನಲ್ಲಿ ಕೆಲಸ ಅಂದೆ. ಈ ಸಲ ತಪ್ಪಿಸಿಕೊಳ್ಳಲು ಯಾವ ನೆಪವೂ ಉಳಿದಿರಲಿಲ್ಲ. ಹುಣ್ಣಿಮೆಯ ದಿನವೇ ನಾವು ಹೊಸ ಮನೆಗೆ ಒಕ್ಕಲು ಬರುವುದೆಂದು ಮಾವ ಪಂಚಾಂಗ ನೋಡಿ ನಿಶ್ಚಯಿಸಿದ್ದರು.

ನಮ್ಮಲ್ಲಿ ಹೊಸ ಮನೆಗೆ ಬರುವಾಗ ಉರಿಯುವ ಅಗ್ಗಿಷ್ಟಿಕೆ ಹಿಡಿದುಕೊಂಡೇ ಹೊಸಿಲು ದಾಟಬೇಕು. ಆ ಕೆಂಡ ಬೆಳಗಿನವರೆಗೆ ಆರಬಾರದು ಎನ್ನುವುದು ಮಾವನ ಕಟ್ಟಪ್ಪಣೆ. ಒಳಗೆ ಬಂದ ಬೆಂಕಿಯನ್ನು ಹೊರಗೆ ಒಯ್ಯುವುದಂತೂ ಮನೆಯ ಭಾಗ್ಯವನ್ನೇ ಹೊರಹಾಕಿದ ಹಾಗೆ. ಅವತ್ತು ಅಳಬಾರದು, ಬೈಯಬಾರದು, ಬಾಯಲ್ಲಿ ಅಪಶಕುನದ ಮಾತು ಬರಬಾರದು. ಬೈಯದೆ ಒಂದು ದಿನ ಕಳೆಯುವುದು ನಮ್ಮ ಅತ್ತೆಗೆ ಉಪವಾಸಕ್ಕಿಂತ ಕಷ್ಟ.

ನನ್ನ ಭಯಕ್ಕೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ದಿನ ನಾನು ಮುಟ್ಟಾಗಿದ್ದೆ. ಮುಟ್ಟಾದವಳು ಊದುಬತ್ತಿ ಹಿಡಿಯುವಂತಿಲ್ಲ, ಒಕ್ಕಲಿನ ಬೆಂಕಿಯ ಹತ್ತಿರ ಸುಳಿಯುವಂತಿಲ್ಲ. ಹೇಳಿದರೆ ಮಾವ ಮತ್ತೆ ಪಂಚಾಂಗ ತೆಗೆಯುತ್ತಾರೆ. ಹಳೆ ಮನೆಯ ಬೀಗದಕೈ ಆಗಲೇ ಕೊಟ್ಟಾಗಿದೆ. ಗಂಡ ಹಾನ್‌ಲಿನ್‌ನ ಕಿವಿಯಲ್ಲಿ ಹೇಳಿದೆ. "ಸುಮ್ನಿರೇ, ಅಪ್ಪನ ಮುಂದೆ ಅದನ್ನೆಲ್ಲ ಎತ್ತಬೇಡ," ಅಂದ. ಮಾವ ನಲವತ್ತು ವರ್ಷ ಬಸ್ಸು ಓಡಿಸಿದವರು. ಸೊಸೆಯ ಜೊತೆ ಮಾತು ಅಂದರೆ ಅವರಿಗೆ "ಊಟ ಆಯ್ತಾ" ಅನ್ನುವುದಷ್ಟೇ. ಅವರ ಮುಂದೆ ಮುಟ್ಟಿನ ಮಾತು ಆಡುವುದೆಂದು ನೆನೆದೇ ನನ್ನ ಕಿವಿ ಬಿಸಿಯಾಯಿತು. ನಾನೂ ಸುಮ್ಮನಾದೆ.

ಹೊಸ ಮನೆ ಕಟ್ಟಡದ ಕೊನೆಯ ಮಹಡಿಯಲ್ಲಿ. ಅದರ ಮೇಲೆ ತಾರಸಿ. "ಎರಡೆರಡು ಬೆಂಕಿ ಯಾಕೆ? ಮೇಲೆ ಮಾಂಸ ಸುಡೋಣ, ಹೊತ್ತು ಮುಳುಗೋ ಮುಂಚೆ ಅದೇ ಕೆಂಡ ಕೆಳಗೆ ತರೋಣ," ಅಂದರು ಮಾವ. ಹಾಗಾಗಿ ಮಧ್ಯಾಹ್ನ ಇಳಿಯುತ್ತಿದ್ದಂತೆ ತಾರಸಿಯಲ್ಲಿ ಅತ್ತೆಯ ಪಾಠ ಶುರುವಾಯಿತು. ನೆರೆಯವರೆಲ್ಲ ಮೇಲೇ ಇದ್ದರು, ಅಂದರೆ ನೋಡುವವರಿಗೆ ಬರವಿರಲಿಲ್ಲ.

ನಾನು ಇದ್ದಿಲಿನ ಚೀಲ ಎತ್ತಿ ಅಗ್ಗಿಷ್ಟಿಕೆಗೆ ಸುರಿದೆ.

"ಏಯ್, ಹಾಗ್ ಸುರೀತಾರಾ? ಕೋಳಿಗೆ ಕಾಳು ಹಾಕ್ತಿದೀಯಾ?" ಅಂದರು ಅತ್ತೆ. "ಗೋಪುರದ ಥರ ಜೋಡ್ಸು. ಮಧ್ಯದಲ್ಲಿ ಗಾಳಿ ಓಡಾಡ್ಬೇಕು. ಕೆಳಗಿಂದ ಹಚ್ಚು, ಮೇಲಿಂದಲ್ಲ."

ಹಚ್ಚಿದೆ. ಹೊಗೆ ಮುಖಕ್ಕೇ ಬಂತು. ಬೇಗ ಮುಗಿದರೆ ಸಾಕೆಂದು ಹಂದಿಮಾಂಸದ ತುಂಡನ್ನು ಜಾಲರಿಗೆ ಇಡಹೋದರೆ ಅತ್ತೆ ಬೀಸಣಿಗೆಯಿಂದ ಇಕ್ಕಳಕ್ಕೆ ಹೊಡೆದರು.

"ತಡಿ! ಈಗಿಟ್ರೆ ಬರೀ ಹೊಗೆ ತಿನ್ಬೇಕು. ಕೆಂಡದ ಮೇಲೆ ಬಿಳಿ ಬೂದಿ ಕೂತ್ಕೊಳ್ಲಿ. ಹೊಗೆ ಇರೋವರ್ಗೂ ಬೆಂಕಿ ಇನ್ನೂ ಮಗು ಕಣೆ. ಹೊಗೆ ಹೋದ್ಮೇಲೇನೇ ಅದಕ್ಕೆ ನಿಜವಾದ ಶಕ್ತಿ. ಅಂಗೈ ಹಿಡಿದು ನೋಡು. ತಡ್ಕೊಳೋಕಾಗ್ದೆ ಕೈ ಎಳ್ಕೊಂಡ್ಯೋ, ಆಗ ಇಡು."

ಅಂಗೈ ಹಿಡಿಯುವ ಮೊದಲೇ ನಾನು ಎಳೆದುಕೊಂಡೆ. ಅತ್ತೆ ಕಣ್ಣು ಮೇಲೆ ಮಾಡಿ ಆಕಾಶ ನೋಡಿದರು. ಬೈಯುವಂತಿಲ್ಲವಲ್ಲ.

ಆಮೇಲೆ ಕೆಂಡವನ್ನೆಲ್ಲ ಒಂದು ಬದಿಗೆ ತಳ್ಳಿಸಿದರು. ಸುಡುವುದು ಈ ಬದಿ, ಬೇಯುವುದು ಆ ಬದಿ ಅಂದರು. ಕೊಬ್ಬಿನ ಚೂರಿನಿಂದ ಜಾಲರಿಗೆ ಸವರಿಸಿದರು, ಮಾಂಸ ಅಂಟಬಾರದೆಂದು. ಸಾಸು ಕಡೆಗೆ, ಮೊದಲೇ ಬಳಿದರೆ ಮೇಲೆ ಕರಕು ಒಳಗೆ ಹಸಿ. ತುಂಡನ್ನು ಪದೇ ಪದೇ ತಿರುವಬಾರದು, ಬೆಂದ ಮೇಲೆ ಅದೇ ಜಾಲರಿ ಬಿಡುತ್ತದೆ. ನನಗೆ ಎಲ್ಲವೂ ಅರ್ಥವಾಗುತ್ತಿತ್ತು, ಕೈ ಮಾತ್ರ ಇಕ್ಕಳವನ್ನು ಕೆಂಡದಿಂದ ದೂರವೇ ಹಿಡಿಯುತ್ತಿತ್ತು. ಅಷ್ಟರಲ್ಲಿ ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಭಗ್ಗೆಂದು ಉರಿ ಎದ್ದಿತು. ಇಕ್ಕಳ ಬಿಸಾಕಿ ನೀರಿನ ಟ್ಯಾಂಕಿನ ಹಿಂದೆ ಹೋಗಿ ನಿಂತೆ.

"ಲಿಯಾವ್ ಅಕ್ಕ," ಅಂತ ಕೂಗಿದರು ಎದುರು ಮನೆಯ ಸೆಂಗ್ ಅಕ್ಕ, ತಮ್ಮ ಒಲೆಯ ಮುಂದಿನಿಂದ. "ನಿಮ್ ಸೊಸೆ ಹಂದಿ ಸುಡ್ತಿದಾಳೋ, ಹಂದಿನೇ ಇವಳನ್ನ ಅಟ್ಟಿಸ್ಕೊಂಡ್ ಬರ್ತಿದ್ಯೋ?"

ತಾರಸಿ ಇಡೀ ನಕ್ಕಿತು. ಹಾನ್‌ಲಿನ್ ಕೂಡ ನಕ್ಕ, ಅದನ್ನು ನಾನು ಗುರುತು ಇಟ್ಟುಕೊಂಡೆ.

"ಉರಿ ಎದ್ರೆ ನೀನ್ ಓಡೋದಲ್ಲ, ಮಾಂಸನ ಪಕ್ಕಕ್ಕೆ ಓಡ್ಸು," ಅಂದರು ಅತ್ತೆ, ಇಕ್ಕಳ ಮತ್ತೆ ನನ್ನ ಕೈಗೆ ತುರುಕುತ್ತ. "ಬೆಂಕಿ ಮುಂದೆ ಹೆದರ್ಕೊಂಡು ಬಿಟ್ಟೋದ್ರೆ ಅದು ಎಲ್ಲಾನೂ ಸುಟ್ಟಾಕತ್ತೆ. ಕೈ ಬಿಡ್ಬೇಡ."

"ಬೆಳಗಿನವರ್ಗೂ ಇದು ಹೆಂಗೆ ಇರತ್ತೆ ಅತ್ತೆ?"

"ಕೆಳಗಿನ ಬಾಯಿಗೆ ಇಟ್ಟಿಗೆ ಅಡ್ಡ ಇಡೋದು. ಗಾಳಿ ಕಮ್ಮಿ ಆದ್ರೆ ಬೆಂಕೀನೂ ನಿದ್ದೆ ಮಾಡತ್ತೆ, ಸಾಯಲ್ಲ..." ಅಂದವರು ಆ ಮಾತು ಬಾಯಿಂದ ಬಂದದ್ದಕ್ಕೆ ಬೆಚ್ಚಿ, ನೆಲಕ್ಕೆ ತೂ ತೂ ಎಂದು ಉಗುಳಿದರು.

ನಾನು ಸುಟ್ಟ ಮೊದಲ ತುಂಡನ್ನು ಬ್ರೆಡ್ಡಿನ ನಡುವೆ ಇಟ್ಟು ಮಾವನಿಗೆ ಕೊಟ್ಟೆ. ಅಗಿದು ನುಂಗಿ, "ತಿನ್ನಬಹುದು," ಅಂದರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ.

ಹೊತ್ತು ಮುಳುಗುವ ಮೊದಲು ಮಾವ ಅಗ್ಗಿಷ್ಟಿಕೆಯ ತಂತಿ ಹಿಡಿಗೆ ಕೆಂಪು ಬಟ್ಟೆ ಸುತ್ತಿ, ಕೆಂಡದ ಸಮೇತ ಎತ್ತಿಕೊಂಡು ಮೆಟ್ಟಿಲಿಳಿದರು. ಹೊಸಿಲು ದಾಟಿ, ನಡುಮನೆಯ ಮಧ್ಯೆ ಇಟ್ಟು, ಮೇಲೆ ಹೊಸ ಇದ್ದಿಲು ತುಂಬಿದರು. ಒಂದು ಚೂರು ಹೊಗೆ ಬಂದು ಹೋದ ಮೇಲೆ ಕೆಳಗಿನ ಬಾಯಿಗೆ ಇಟ್ಟಿಗೆಯನ್ನೂ ಅವರೇ ಇಟ್ಟರು. ಕೆಂಡ ಕೆಂಪಗೆ, ಸದ್ದಿಲ್ಲದೆ ಕೂತಿತು. ನೋಡಲು ಚೆನ್ನಾಗಿಯೇ ಇತ್ತು.

ಹಾನ್‌ಲಿನ್ ಎರವಲು ತಂದ ಟ್ರಕ್ಕನ್ನು ಫೆಂಗ್ಯುವಾನ್‌ ಊರಿನ ಸ್ನೇಹಿತನಿಗೆ ವಾಪಸು ಕೊಡಲು ಹೊರಟ. ಅವನು ಹೋದ ಸ್ವಲ್ಪ ಹೊತ್ತಿಗೆ ಮಳೆ ಬಂತು. ಎಲ್ಲೋ ಸಮುದ್ರದಲ್ಲಿದ್ದ ಚಂಡಮಾರುತದ ಬಾಲ. ತಾರಸಿಯ ಜನವೆಲ್ಲ ತಟ್ಟೆ ಬಟ್ಟಲು ಹಿಡಿದು ಕಿರುಚುತ್ತ ಕೆಳಗೆ ಓಡಿದ ಸದ್ದು ಕೇಳಿಸಿತು. ನಾವು ಕಿಟಕಿಗಳನ್ನೆಲ್ಲ ಎಳೆದು ಮುಚ್ಚಿದೆವು. ಹೊಸ ಕಿಟಕಿಗಳು, ಮುಚ್ಚಿದರೆ ಹೊರಗಿನ ಮಳೆಯ ಸದ್ದೂ ಒಳಗೆ ಬರುತ್ತಿರಲಿಲ್ಲ. ಎಷ್ಟು ಗಟ್ಟಿ ನೋಡು, ಅಂತ ಅತ್ತೆ ಹೆಮ್ಮೆಯಿಂದ ಗಾಜು ತಟ್ಟಿದರು. ಬಾಲ್ಕನಿಯ ಬಾಗಿಲಿಗೆ ಬಟ್ಟೆಯ ಬೀರು ಅಡ್ಡ ನಿಂತಿತ್ತು. ಅದನ್ನು ಹಾನ್‌ಲಿನ್ ಬಂದ ಮೇಲೆ ಸರಿಸುವುದೆಂದಾಗಿತ್ತು.

ಪೆಟ್ಟಿಗೆ ಬಿಚ್ಚುತ್ತ ಕೂತಿದ್ದಾಗ ನನ್ನ ತಲೆ ಬಿಗಿಯಲು ಶುರುವಾಯಿತು. ಯಾರೋ ಹಣೆಗೆ ಬಟ್ಟೆ ಕಟ್ಟಿ ಹಿಂದಿನಿಂದ ಎಳೆಯುತ್ತಿರುವ ಹಾಗೆ. ಹೊಟ್ಟೆ ತೊಳಸಿತು. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

"ಸೊಪ್ಪು ತಿಂದು ಬೆಳೆದ ಹೊಟ್ಟೆ," ಅಂತ ಅತ್ತೆ ನಡುಮನೆಯಿಂದಲೇ ಅಂದರು. ನಾನು ಗೋಡೆ ಹಿಡಿದುಕೊಂಡು ಹೊರಗೆ ಬಂದೆ. ಅವರು ನನ್ನ ಮುಖ ನೋಡಿದರು. ಕೈಯಲ್ಲಿದ್ದ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು.

"ತಲೆ ಸುತ್ತುತ್ತಾ?"

"ಹೂಂ."

"ನಿತ್ರಾಣ?"

"ಹೂಂ ಅತ್ತೆ."

"ಏನ್ರೀ!" ಅತ್ತೆಯ ದನಿ ಒಡೆಯಿತು. "ಏನ್ರೀ, ಕೇಳಿಸ್ತಾ? ಬೆಂಕಿ ಮನೆಯೊಳಗೆ ಬಂದ ದಿನಾನೇ! ನೋಡಿದ್ರಾ, ಬಂದ ದಿನಾನೇ!"

ಅಲ್ಲ ಅತ್ತೆ, ಎನ್ನಲು ಬಾಯಿ ತೆರೆದೆ. ಮಾವ ಎದ್ದು ನಿಂತಿದ್ದರು. ಅವರ ಮುಂದೆ ಏನಂತ ಹೇಳುವುದು? ಅಷ್ಟರಲ್ಲಿ ಅತ್ತೆ ನನ್ನನ್ನು ಅಗ್ಗಿಷ್ಟಿಕೆಯ ಪಕ್ಕದ ಸೋಫಾದ ಮೇಲೆ ಮಲಗಿಸಿ, ಕಾಲಿಗೆ ಹೊದಿಕೆ ಹೊದಿಸಿ, ನನ್ನ ಕೆನ್ನೆ ಸವರಿದರು. ಬೀಸಣಿಗೆಯಲ್ಲಿ ಹೊಡೆದ ಅದೇ ಕೈ. ಅಷ್ಟು ಮೃದುವಾಗಿ ಆ ಕೈ ನನ್ನನ್ನು ಎಂದೂ ಮುಟ್ಟಿರಲಿಲ್ಲ.

"ಇನ್ಮೇಲೆ ಈ ಮನೇಲಿ ಯಾರೂ ಏನೂ ಅಲ್ಲಾಡಿಸ್ಬೇಡಿ," ಅಂತ ಅಪ್ಪಣೆಯಾಯಿತು. "ಮೊಳೆ ಹೊಡೀಬೇಡಿ, ಕತ್ತರಿ ಎತ್ತಿಡಿ. ಬಸುರಿ ಇರೋ ಮನೇಲಿ ಸಾಮಾನು ಸರಿಸಿದ್ರೆ ಮಗು ಕಾಯೋ ದೈವ ಬೆಚ್ಚಿ ಬೀಳತ್ತೆ. ಬೀರು ಅಲ್ಲೇ ಇರ್ಲಿ. ಎಲ್ಲಾ ಇದ್ದಲ್ಲೇ ಇರ್ಲಿ."

ಮಾವ ಅಡುಗೆಮನೆಗೆ ಹೋಗಿ, ಚಕ್ಕೋತದ ತೊಳೆಗಳನ್ನು ಸಿಪ್ಪೆ ಬಿಡಿಸಿ ತಟ್ಟೆಯಲ್ಲಿ ಜೋಡಿಸಿ ತಂದು ನನ್ನ ಪಕ್ಕ ಇಟ್ಟರು. ಹಾನ್‌ಲಿನ್ ಬರಲಿ, ಅವನೇ ಅಮ್ಮನಿಗೆ ಹೇಳಲಿ ಎಂದುಕೊಂಡು ಕಣ್ಣು ಮುಚ್ಚಿದೆ. ನಿದ್ದೆ ಎಳೆಯುತ್ತಿತ್ತು. ಅಂಥ ಸಿಹಿ ನಿದ್ದೆ ಎಂದೂ ಬಂದಿರಲಿಲ್ಲ.

ಕರೆಗಂಟೆ ಸದ್ದಾಯಿತು. ಅತ್ತೆ ಒಳಗೆ ಹಾಸಿಗೆ ಹಾಸುತ್ತಿದ್ದರು, ಮಾವ ಅಲುಗಲಿಲ್ಲ. ನಾನೇ ಎದ್ದು ಹೋದೆ. ಸೆಂಗ್ ಅಕ್ಕ, ತಾರಸಿಯಲ್ಲಿ ಬಿಟ್ಟುಬಂದಿದ್ದ ನಮ್ಮ ಇಕ್ಕಳ ಕೊಡಲು ಬಂದಿದ್ದರು. ಹಂದಿಯ ಮಾತೆತ್ತಿ ಇನ್ನೊಂದಿಷ್ಟು ನಕ್ಕರು. ನಾನು ಬಾಗಿಲು ಎಳೆದುಕೊಂಡು ಹೊರಗೆ ನಿಂತು ಕೇಳಿದೆ. ಮೆಟ್ಟಿಲಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ನಿಂತಷ್ಟು ಹೊತ್ತು ತಲೆ ಹಗುರವಾಗುತ್ತ ಬಂತು. ಅವರು ಹೋದ ಮೇಲೆ ಒಳಗೆ ಬಂದೆ; ಸೋಫಾ ಮುಟ್ಟುವಷ್ಟರಲ್ಲಿ ಹಣೆಯ ಬಟ್ಟೆ ಮತ್ತೆ ಬಿಗಿಯಿತು.

ಅತ್ತೆ ಕೋಣೆಯಿಂದ ಹೊರಗೆ ಬಂದರು. ಎರಡೂ ಕಣತಲೆಗೆ ತಲೆನೋವಿನ ಹಸಿರೆಣ್ಣೆ ಹಚ್ಚಿಕೊಳ್ಳುತ್ತಿದ್ದರು. "ನಂಗೂ ಯಾಕೋ ತಲೆ ಸಿಡೀತಿದೆ ಕಣೆ. ಖುಷಿ ಜಾಸ್ತಿ ಆಯ್ತೇನೋ."

ನಾನು ಮಾವನ ಕಡೆ ನೋಡಿದೆ. ಒಕ್ಕಲಿನ ದಿನ ಹೊತ್ತಲ್ಲದ ಹೊತ್ತಲ್ಲಿ ಯಾರೂ ಕಣ್ಣು ಮುಚ್ಚಬಾರದು ಎಂದು ಬೆಳಗ್ಗೆಯಿಂದ ಹೇಳಿಕೊಂಡು ಬಂದವರು ಕುರ್ಚಿಯಲ್ಲಿ ಬಾಯಿ ತೆರೆದು ತೂಗುತ್ತಿದ್ದರು. ಆಮೇಲೆ ಅಗ್ಗಿಷ್ಟಿಕೆಯ ಕಡೆ ನೋಡಿದೆ. ಒಂದೆಳೆ ಹೊಗೆ ಇಲ್ಲ. ಕೆಳಗೆ ಇಟ್ಟಿಗೆ. ಹೊಗೆ ಹೋದ್ಮೇಲೇನೇ ಅದಕ್ಕೆ ನಿಜವಾದ ಶಕ್ತಿ.

ಆಗ ನನಗೆ ಹೊಳೆಯಿತು. ಪ್ರತಿ ಚಳಿಗಾಲದಲ್ಲೂ ಟಿವಿಯಲ್ಲಿ ತೋರಿಸುತ್ತಾರೆ. ಸ್ನಾನದ ಗ್ಯಾಸ್ ಹೀಟರು, ಮುಚ್ಚಿದ ಕಿಟಕಿ, ಕಣ್ಣಿಗೆ ಕಾಣದ ವಿಷಗಾಳಿ, ಮಲಗಿದಲ್ಲೇ ಹೋದ ಸಂಸಾರ. ನಮ್ಮ ಹೀಟರು ಬಾಲ್ಕನಿಯಲ್ಲಿದೆ, ಇದು ಚಳಿಗಾಲವೂ ಅಲ್ಲ, ಹಾಗಾಗಿ ಯಾರ ತಲೆಗೂ ಹೊಳೆದಿರಲಿಲ್ಲ. ನಡುಮನೆಯ ಮಧ್ಯೆ ಕೆಂಪು ಬಟ್ಟೆ ಕಟ್ಟಿಸಿಕೊಂಡು ಕೂತದ್ದನ್ನು ಯಾರು ಅನುಮಾನಿಸುತ್ತಾರೆ? ನಾನು ಬೆಂಕಿಗೆ ಸದಾ ಹೆದರಿದವಳು, ಆದರೆ ಹೆದರಿದ್ದು ಉರಿಗೆ, ಕಿಡಿಗೆ, ಸದ್ದಿಗೆ. ಸುಮ್ಮನೆ ಕೂತ ಬೆಂಕಿಗೆ ಅವತ್ತು ಮೊದಲ ಸಲ ಹೆದರಿದೆ, ಮತ್ತು ಹಾಗೆ ಎಂದೂ ಹೆದರಿರಲಿಲ್ಲ.

"ಅತ್ತೆ, ಅಗ್ಗಿಷ್ಟಿಕೆ ಹೊರಗಿಡೋಣ."

"ಬಾಯ್ಮುಚ್ಚು!"

"ಕಿಟಕಿನಾದ್ರೂ..."

"ಮಳೆ ನೀರು ಒಳಗೆ ಬರತ್ತೆ, ಬಸುರಿ ಹೆಂಗಸು ನೆನೀಬಾರ್ದು. ಸುಮ್ನೆ ಮಲ್ಕೋ."

"ಅತ್ತೆ, ಯೋಚ್ನೆ ಮಾಡಿ. ಮೂರು ಜನಕ್ಕೂ ಒಟ್ಟಿಗೆ ತಲೆನೋವು, ಮಂಪರು ಯಾಕೆ ಬರತ್ತೆ?"

"ನಿಂದು ಬಸುರಿಂದು, ನಂದು ವಯಸ್ಸಿಂದು, ಅವರದು ತಾರಸೀಲಿ ಕುಡಿದ ಬಿಯರಿಂದು," ಅಂದರು ಅತ್ತೆ. ನಾಲಿಗೆ ತುಸು ತೊದಲುತ್ತಿತ್ತು. "ಒಳ್ಳೆ ದಿನ ಕಣೆ. ಏನೇನೋ ಆಡ್ಬೇಡ."

ಎಲ್ಲದಕ್ಕೂ ಒಂದೊಂದು ಕಾರಣವಿತ್ತು. ಅದರಲ್ಲಿ ಒಂದು ಸುಳ್ಳೆಂದು ನನಗೊಬ್ಬಳಿಗೇ ಗೊತ್ತಿತ್ತು. ಅದನ್ನು ಒಡೆಯದೆ ಇವರು ಬೆಂಕಿಯನ್ನು ಮುಟ್ಟಗೊಡುವುದಿಲ್ಲ. ಒಡೆದರೆ ಆ ಕೈ ಮತ್ತೆ ನನ್ನ ಕೆನ್ನೆ ಸವರುವುದಿಲ್ಲ. ಮಾವ ಕಣ್ಣು ತೆರೆದು, ಎಲ್ಲಿದ್ದೇನೆಂದು ತಿಳಿಯದವರ ಹಾಗೆ ನಮ್ಮನ್ನು ನೋಡುತ್ತಿದ್ದರು.

"ನಾನು ಬಸುರಿ ಅಲ್ಲ," ಅಂದೆ. ದನಿ ಕಿರುಚಿದಂತೆ ಬಂತು. "ಮುಟ್ಟಾಗಿದೀನಿ ಮಾವ. ನಿನ್ನೆ ಶುರುವಾಗಿದೆ. ಇದು ಬಸುರಿನ ತಲೆನೋವಲ್ಲ, ಈ ಕೆಂಡದ್ದು. ನಾವು ಮೂರೂ ಜನ ಸಾಯ್ತಿದೀವಿ."

ಆಡಬಾರದ ಮಾತುಗಳೆಲ್ಲ ಒಂದೇ ಉಸಿರಿಗೆ ಆಡಿಯಾಗಿತ್ತು. ಅತ್ತೆಯ ಮುಖದಿಂದ ಆ ಸಂತೋಷ ಇಳಿದುಹೋದದ್ದನ್ನು ನೋಡಿದೆ. ಈಗಲೂ ಅದನ್ನು ನೆನೆಸಿಕೊಳ್ಳಲು ಇಷ್ಟವಿಲ್ಲ.

"ಮುಟ್ಟಾಗಿ," ಅಂದರು ಅತ್ತೆ, "ಮುಟ್ಟಾಗಿ ನೀನು ಇದನ್ನ ಹೊತ್ತಿಸ್ದ್ಯಾ?"

ನಾನು ಹೋಗಿ ಮುಂಬಾಗಿಲು ಹಾರುಹೊಡೆದೆ, ಅಡುಗೆಮನೆಯ ಕಿಟಕಿ ಎಳೆದೆ. ಮಳೆ ಒಳಗೆ ಬಂತು. ಒರೆಸುವ ಬಟ್ಟೆಯನ್ನು ನೀರಲ್ಲಿ ಅದ್ದಿಕೊಂಡು ಅಗ್ಗಿಷ್ಟಿಕೆಯ ಹತ್ತಿರ ಬಂದೆ. ಕಾಲು ನನ್ನದಲ್ಲವೆಂಬಂತೆ ಎಲ್ಲೆಲ್ಲೋ ಬೀಳುತ್ತಿತ್ತು.

"ಅದನ್ನ ಮುಟ್ಟಬೇಡ!" ಮಾವ ಗುಡುಗಿದರು. ಕುರ್ಚಿಯ ಕೈ ಊರಿ ಎದ್ದು, ನನ್ನನ್ನು ತಡೆಯಲು ಕೈ ಚಾಚಿ ಬಂದರು. ನಡುವೆಯೇ ಅವರ ಮಂಡಿ ಮಡಚಿತು. ಬಟ್ಟೆ ಒಣಹಾಕಿದ ಹಗ್ಗ ಕಡಿದಂತೆ ಕುಸಿದು ನೆಲದ ಮೇಲೆ ಕೂತರು. ಏಳಲು ನೋಡಿದರು. ಆಗಲಿಲ್ಲ. ತಮ್ಮ ಕಾಲನ್ನೇ ನೋಡಿಕೊಂಡರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು, ಮತ್ತು ಆ ಕಣ್ಣಲ್ಲಿ ಕೋಪ ಇರಲಿಲ್ಲ. ನನ್ನ ಭಯವೇ ಅಲ್ಲಿತ್ತು.

"ತಗೊಂಡ್ಹೋಗು," ಅಂದರು ಮಾವ.

ಹಿಡಿಯ ತಂತಿಯ ಕಾವು ಒದ್ದೆ ಬಟ್ಟೆಯೊಳಗಿಂದಲೂ ಅಂಗೈಗೆ ಇಳಿಯಿತು. ಮೆಟ್ಟಿಲಿನಲ್ಲೇ ಇಟ್ಟುಬಿಡಬಹುದಿತ್ತೇನೋ; ಆ ತಲೆಯಲ್ಲಿ ಅದೆಲ್ಲ ಹೊಳೆಯಲಿಲ್ಲ. ಮೇಲೆ ಮಳೆ ಇದೆ, ಅಷ್ಟೇ ಗೊತ್ತಿತ್ತು. ಪ್ರತಿ ಮೆಟ್ಟಿಲಿಗೂ ಕೆಂಡ ಓಲಾಡಿ ಕಿಡಿ ಕಾರುತ್ತಿತ್ತು. ಕೈ ಬಿಡು ಬಿಡು ಎನ್ನುತ್ತಿತ್ತು ಮೈಯೆಲ್ಲ. ಕೈ ಬಿಡ್ಬೇಡ ಎಂದಿದ್ದರು ಅತ್ತೆ. ಬಿಡಲಿಲ್ಲ. ತಾರಸಿಯ ಬಾಗಿಲನ್ನು ಭುಜದಿಂದ ನೂಕಿ ಮಳೆಯ ನಡುವೆ ಅದನ್ನು ಇಟ್ಟೆ. ಬುಸ್ಸೆಂದು ಬಿಳಿ ಹಬೆ ಎದ್ದಿತು.

ಓಡಿ ಕೆಳಗೆ ಬಂದರೆ ಅತ್ತೆ ಸೋಫಾಗೆ ಒರಗಿ ಕೂತಿದ್ದರು. ಕೆನ್ನೆ ಕೆಂಪಗಿತ್ತು, ಹಬ್ಬಕ್ಕೆ ಬಣ್ಣ ಹಚ್ಚಿಕೊಂಡಂತೆ. "ಅತ್ತೆ," ಅಂದೆ. "ಅತ್ತೆ, ಬೈಯಿರಿ ನನ್ನನ್ನ. ಬೈಯಿರಿ!" ಅವರ ತಲೆ ಪಕ್ಕಕ್ಕೆ ವಾಲಿತು. ಕಂಕುಳಿಗೆ ಕೈ ಹಾಕಿ ಎಳೆದೆ. ಮಾವ ಮೊಣಕೈಯ ಮೇಲೆ ತೆವಳಿ ಬಂದು ಅತ್ತೆಯ ಕಾಲನ್ನು ತಳ್ಳುತ್ತಿದ್ದರು. ಹೊಸಿಲು ದಾಟಿದ ಮೇಲೆ ನಾನು ಕಿರುಚಿದ ಸದ್ದಿಗೆ ಕಟ್ಟಡದ ಬಾಗಿಲುಗಳೆಲ್ಲ ತೆರೆದುಕೊಂಡವು. ಸೆಂಗ್ ಅಕ್ಕ ಬರಿಗಾಲಲ್ಲಿ ಓಡಿಬಂದರು. ಈ ಸಲ ನಗಲಿಲ್ಲ.

ಆಸ್ಪತ್ರೆಯಲ್ಲಿ ನಮ್ಮ ಮೂವರನ್ನೂ ಒಂದೇ ಸಾಲಿನಲ್ಲಿ ಮಲಗಿಸಿ, ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಕಟ್ಟಿದರು. ಅತ್ತೆ ತುಂಬ ಹೊತ್ತು ಕಣ್ಣು ಬಿಡಲಿಲ್ಲ. ನಾನು ಪಕ್ಕದ ಹಾಸಿಗೆಯಿಂದ ಅವರ ಎದೆ ಏರುವುದನ್ನು, ಇಳಿಯುವುದನ್ನು ನೋಡುತ್ತ, ಇಳಿದದ್ದು ಮತ್ತೆ ಏರುವವರೆಗೆ ಉಸಿರು ಹಿಡಿದುಕೊಂಡು ಮಲಗಿದ್ದೆ. ಹಾನ್‌ಲಿನ್ ತೊಯ್ದ ಬಟ್ಟೆಯಲ್ಲೇ ಬಂದು ಅವರ ಕಾಲ ಬಳಿ ನಿಂತಿದ್ದ, ಏನು ಮಾಡಬೇಕೆಂದು ತಿಳಿಯದೆ ಪಾದ ತಿಕ್ಕುತ್ತಿದ್ದ. ಕೊನೆಗೆ ಅತ್ತೆಯ ಬೆರಳು ಹೊದಿಕೆಯ ಮೇಲೆ ಆಡಿತು. ಕಣ್ಣು ತೆರೆದು, ಸುತ್ತ ನೋಡಿ, ಮುಖವಾಡದೊಳಗಿಂದ ಏನೋ ಗೊಣಗಿದರು. ಹಾನ್‌ಲಿನ್ ಬಗ್ಗಿ ಕೇಳಿಸಿಕೊಂಡ.

"ಏನಂತೆ?" ಅಂದೆ.

"ಕಾಲ್ ಬಿಡೋ, ಕಚಗುಳಿ ಆಗತ್ತೆ ಕತ್ತೆ, ಅಂತಿದಾಳೆ," ಅಂದು ಅವನು ಅಳತೊಡಗಿದ.

ಆಗ ನರ್ಸ್ ನನ್ನ ಹತ್ತಿರ ಬಂದಳು. ಅಂಗೈಯ ಪಟ್ಟಿ ನೋಡಿದಳು. ವಾರ್ಡು ತುಂಬಿತ್ತು, ಹಬ್ಬದ ದಿನದ ಸುಟ್ಟ ಕೈಗಳು, ಕುಡಿದು ಬಿದ್ದವರು, ಅವರ ನೆಂಟರು. ಅವಳು ಎಲ್ಲರಿಗೂ ಕೇಳುವ ದನಿಯಲ್ಲೇ ಕೇಳಿದಳು: "ಈ ವಿಷಗಾಳಿಗೆ ಚಿಕಿತ್ಸೆ ಕೊಡೋ ಮುಂಚೆ ಕೇಳಲೇಬೇಕು. ಬಸುರಿಯಾಗಿರೋ ಸಾಧ್ಯತೆ ಇದ್ಯಾ?"

ನಾನು ಮುಖವಾಡ ಸರಿಸಲು ಕೈ ಎತ್ತಿದೆ. ಅಷ್ಟರಲ್ಲಿ ಆ ಬದಿಯ ಹಾಸಿಗೆಯಲ್ಲಿ ಮಾವ ಮೊಣಕೈ ಊರಿ ಎದ್ದು ಕೂತರು. ತಮ್ಮ ಮುಖವಾಡವನ್ನು ಹಣೆಗೆ ಏರಿಸಿಕೊಂಡರು. ಬಸ್ಸಿನ ಹಿಂದಿನ ಸೀಟಿಗೂ ಕೇಳುವ ಆ ಹಳೆಯ ದನಿಯಲ್ಲಿ ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು:

"ಇಲ್ಲ! ನನ್ನ ಸೊಸೆ ಮುಟ್ಟಾಗಿದಾಳೆ! ನಿನ್ನೆ ಶುರುವಾಗಿದೆ! ಬರ್ಕೊಳ್ಳಮ್ಮ, ಸರಿಯಾಗಿ ಬರ್ಕೋ!"